ಹಿರಿಯ ಗೆಳೆಯನೂ ಅವನ ಒಂದು ವರ್ಷವೂ

ಪರಸ್ಥಳದಿಂದ ಓದಲು ಬಂದ ಬಡ ಹುಡುಗನಿಗೆ ದಿನಕ್ಕೊಂದು ಮನೆಯವರು ಊಟವಿಕ್ಕುತ್ತಿದ್ದ ವಾರಾನ್ನದ ಪದ್ಧತಿಯನ್ನು ನಾವು ಹಿರಿಯರ ಮಾತುಗಳಿಂದ ಬಲ್ಲೆವು. ಅದಕ್ಕೆ ಜಾತಿಯ ಹೊಸ್ತಿಲು ಅಡ್ಡವಿತ್ತೆಂಬುದನ್ನು ಮರೆಯಲಾಗದು. ಆದರೂ ಊಟದ ಜೊತೆಗೆ ಮನೆಯ ಹಿರಿಯರು ಕೇಳುತ್ತಿದ್ದಿರಬಹುದಾದ "ಓದು ಹೇಗೆ ನಡೆದಿದೆ? ಮುಂದೇನು ಮಾಡುತ್ತೀಯೆ?" ಎಂಬ ಪ್ರಶ್ನೆಯೂ ಅನ್ನದಷ್ಟೇ ಬೆಲೆಯುಳ್ಳದ್ದಾಗಿತ್ತೆಂದು ನನ್ನ ಎಣಿಕೆ. ಇಂದು ಶಾಲೆಯಲ್ಲಿ ಬಿಸಿಯೂಟವಿದೆ, ಸರಕಾರದ ವಿದ್ಯಾರ್ಥಿನಿಲಯಗಳಿವೆ. ಹತ್ತನೆಯ ತರಗತಿಯ ಹುಡುಗನನ್ನು ಹೀಗೆ ವಿಚಾರಿಸುವವರು ಮಾತ್ರ ವಿರಳ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದವನಿಗೆ ಆ ಪ್ರಶ್ನೆಯ ಬೆಲೆ ಏನೆಂಬುದನ್ನು ನಾನು ಅನುಭವದಿಂದ ಬಲ್ಲೆ.

ಇಂಥ ಹಿರಿಯ ಗೆಳೆಯನನ್ನು ಇಂಗ್ಲಿಷಿನಲ್ಲಿ ಮೆಂಟರ್ ಎನ್ನುತ್ತಾರೆ. ಅದು ಹೋಮರನ ಒಡಿಸ್ಸಿ ಮಹಾಕಾವ್ಯದಲ್ಲಿ ಬರುವ ಒಬ್ಬ ಮುದುಕನ ಹೆಸರು. ತಂದೆ ದೂರದೇಶದಲ್ಲಿರುವಾಗ ಮಗ ಟೆಲಿಮಾಕಸನಿಗೆ ಬುದ್ಧಿ ಹೇಳಬೇಕಾದವನು ಇವನು. ಆದರೆ ಬಹುಪಾಲು ಬುದ್ಧಿ ಹೇಳುವವಳು ಇವನ ವೇಷ ತೊಟ್ಟು ಬರುವ ಅಥೀನಾ ದೇವಿಯೇ! ಇರಲಿ. ಈ ಕಾರ್ಯಕ್ಕೆ ಆಧುನಿಕ ರೂಪ ಕೊಟ್ಟವರಲ್ಲಿ ಅರ್ನೆಸ್ಟ್ ಕೌಲ್ಟರ್ ಪ್ರಮುಖನು. ನ್ಯೂಯಾರ್ಕಿನ ಬಾಲನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದ ಈತ, ಕಟಕಟೆಗೆ ಬರುವ ಹುಡುಗರನ್ನು ಕಂಡು ಮರುಗಿ, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಸಜ್ಜನ ಅಣ್ಣನಾಗಬೇಕೆಂದು 1904ರಲ್ಲಿ ಕರೆಯಿತ್ತನು. ನಮ್ಮ ರಾಜ್ಯದಲ್ಲಿ 2009ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೆಂಟರ್ ಟುಗೆದರ್ ಸಂಸ್ಥೆಯೂ ಬಡಕುಟುಂಬಗಳ ಎಳೆಯರಿಗೆ ಹೀಗೆಯೇ ಒಬ್ಬೊಬ್ಬ ಸ್ವಯಂಸೇವಕರನ್ನು ಜೊತೆಗೂಡಿಸುತ್ತ ಬಂದಿದೆ.

ಇದರಿಂದ ಪ್ರಯೋಜನವುಂಟೆ? ಅಮೆರಿಕದ ಎಂಟು ಕಡೆಗಳಲ್ಲಿ ಹತ್ತರಿಂದ ಹದಿನಾರರ ವಯಸ್ಸಿನ 959 ಮಂದಿಯನ್ನು ಹದಿನೆಂಟು ತಿಂಗಳ ಕಾಲ ಗಮನಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಹಿರಿಯ ಗೆಳೆಯರಿದ್ದವರು ಮಾದಕದ್ರವ್ಯಕ್ಕೆ ಕೈಹಚ್ಚುವ ಸಂಭವ, ಇಲ್ಲದವರಿಗಿಂತ ಶೇಕಡ 46ರಷ್ಟು ಕಡಿಮೆಯಾಗಿತ್ತು. ಶಾಲೆಗೆ ಚಕ್ಕರ್ ಹೊಡೆಯುವುದೂ ಸರಿಸುಮಾರು ಅರ್ಧಕ್ಕಿಳಿದಿತ್ತು. ಇಷ್ಟಕ್ಕೇ ಹಿಗ್ಗಿದರೆ ಅರ್ಧ ಕಥೆಯನ್ನು ಮಾತ್ರ ಓದಿದಂತೆ. ಅದೇ ಮಾಹಿತಿಯನ್ನು ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಮತ್ತೆ ಶೋಧಿಸಿ 2002ರಲ್ಲಿ ಬರೆದರು: ಲಾಭದ ಹೆಚ್ಚಿನ ಪಾಲು ದೊರೆತದ್ದು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬಾಳಿದ ಗೆಳೆತನಗಳಲ್ಲಿ. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಎಳೆಯರ ಆತ್ಮಗೌರವವು ಮೊದಲಿದ್ದುದಕ್ಕಿಂತಲೂ ಕುಗ್ಗಿತ್ತು. ಎಂದರೆ, ನಡುವೆ ಕೈಬಿಡುವ ಅಣ್ಣನಿಗಿಂತ ಅಣ್ಣನೇ ಇಲ್ಲದಿರುವುದು ಮೇಲು!

ಈ ಮಾತು ನನಗೆ ಪುಸ್ತಕಕ್ಕಿಂತ ಮೊದಲೇ ಮಡಿಕೇರಿಯ ಗಲ್ಲಿಯೊಂದರಲ್ಲಿ ತಿಳಿಯಿತು. ಕಳೆದ ವರ್ಷ ಕಕ್ಕಡದ ಮಳೆಯಲ್ಲಿ ನಾವು ನಾಲ್ವರು ಗೆಳೆಯರು ನಗರದ ಒಂದು ಬಡಾವಣೆಯ ಹುಡುಗರಿಗಾಗಿ ಭಾನುವಾರಗಳನ್ನು ಮೀಸಲಿಟ್ಟೆವು. ಎರಡು ವಾರ ಯಾರೂ ಬರಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಪ್ರವಾಸಿಗರು ತುಂಬುವ ಶನಿವಾರ ಭಾನುವಾರಗಳೇ ಈ ಹುಡುಗರಿಗೆ ಹೋಂಸ್ಟೇಗಳಲ್ಲಿ ಪಾತ್ರೆ ತೊಳೆದು ನಾಲ್ಕು ಕಾಸು ಕಾಣುವ ದಿನಗಳು. ರಾಜಾ ಸೀಟಿನಲ್ಲಿ ನಾವು ನೋಡುವ ಜನಜಾತ್ರೆಯ ಹಿಂದೆ ಇವರೂ ಇದ್ದಾರೆ. ಬುಧವಾರದ ಸಂಜೆಗೆ ಬದಲಿಸಿದೆವು.

ನನ್ನ ಪಾಲಿಗೆ ಬಂದ ಹುಡುಗನು ಎರಡು ತಿಂಗಳು "ಹೂಂ" ಎಂಬುದಕ್ಕಿಂತ ಹೆಚ್ಚು ನುಡಿಯಲಿಲ್ಲ. ಮನೆಯಲ್ಲಿ ಮಲಯಾಳ, ಬೀದಿಯಲ್ಲಿ ಅರೆಭಾಷೆ, ಪರೀಕ್ಷೆಗೆ ಕನ್ನಡ. ಮಾತು ಬಾರದವನಲ್ಲ ಅವನು, ಆಡಲೊಲ್ಲದವನು. ಆಮೇಲೊಂದು ಸಂಜೆ ತಾನಾಗಿಯೇ, ಐ.ಟಿ.ಐ. ಸೇರಿದರೆ ಪಿ.ಯು.ಸಿ. ಬಾಗಿಲು ಮುಚ್ಚಿಹೋಗುವುದೇ ಎಂದು ಕೇಳಿದನು. ಅಷ್ಟರಲ್ಲಿ ನನ್ನ ಸೆಮಿಸ್ಟರ್ ಪರೀಕ್ಷೆ ಬಂತು. ಹೇಳದೆ ಕೇಳದೆ ಮೂರು ಬುಧವಾರ ತಪ್ಪಿಸಿದೆ. ಮರಳಿ ಹೋದಾಗ ಅವನು ಕೇಳಿದ್ದು ಒಂದೇ ಮಾತು: "ಅಣ್ಣ, ನೀವೂ ಟೂರಿಸ್ಟರ ಹಾಗೆಯಾ?"

ಉತ್ತರ ಹೊಳೆಯಲಿಲ್ಲ. ಮತ್ತೆ ಮಾತು ಕೂಡಲು ಐದು ವಾರ ಹಿಡಿಯಿತು.

ಆದಕಾರಣ ನಮ್ಮ ಕಾಲೇಜಿನ ಕಿರಿಯ ಮಿತ್ರರಲ್ಲಿ ನನ್ನ ಸೂಚನೆಯಿಷ್ಟೆ. ಈ ಕೆಲಸವನ್ನು ನನ್ನಂತೆ ಕೊನೆಗಾಲದಲ್ಲಿ ಹಿಡಿಯದೆ ಮೊದಲ ವರ್ಷದಲ್ಲಿಯೇ ಹಿಡಿಯಿರಿ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಸ್ವಯಂಸೇವಕನಿಂದ ವರ್ಷಕ್ಕೆ 120 ಗಂಟೆಗಳನ್ನು ಬೇಡುತ್ತದೆ. ವಾರಕ್ಕೆರಡು ಗಂಟೆಯಂತೆ ಇಡೀ ವರ್ಷ ಹೋದರೂ 104 ಗಂಟೆಯಾಯಿತು! ರಸ್ತೆಬದಿಯ ಹುಲ್ಲು ಕೀಳುವುದರ ಜೊತೆಗೆ ಇದನ್ನೂ ಸೇವೆಯೆಂದು ಎಣಿಸಬಾರದೇಕೆ? ತಂದೆತಾಯಿಗಳಿಗೂ ಶಾಲೆಯ ಉಪಾಧ್ಯಾಯರಿಗೂ ತಿಳಿಸಿಯೇ ಹೋಗಬೇಕು. ಗ್ರಂಥಾಲಯವೋ ಶಾಲೆಯ ಜಗಲಿಯೋ, ನಾಲ್ವರ ಕಣ್ಣಿಗೆ ಬೀಳುವ ಸ್ಥಳವೇ ಆಗಬೇಕು. ಮಗು ಅಪಾಯದಲ್ಲಿದೆಯೆಂದು ಕಂಡರೆ ನಾವೇ ಪಂಚಾಯಿತಿಗೆ ಕೂರದೆ 1098ಕ್ಕೆ ಕರೆಮಾಡತಕ್ಕದ್ದು. ಪಾಠ ಹೇಳುವುದು ಕಡೆಯ ಮಾತು. ಆದಾಯ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಯಾವುದು, ಡಿಪ್ಲೊಮಾ ಎಂದರೇನು ಎಂಬಿವನ್ನು ಹೇಳುವವರೇ ಅವರಿಗೆ ಬೇಕಾಗಿರುವುದು.

ಪದವಿ ಮುಗಿದೊಡನೆ ನಾನು ಊರು ಬಿಡಬೇಕಾಗಿದೆ. ಆ ದಿನಾಂಕವನ್ನು ಹುಡುಗನಿಗೆ ಈಗಲೇ ಹೇಳಿದ್ದೇನೆ. ಅವನು ಅದನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡನು. ಜನವರಿಯಿಂದ ಪ್ರಥಮ ವರ್ಷದ ಗೆಳೆಯನೊಬ್ಬನು ನನ್ನ ಜೊತೆ ಬರುತ್ತಿದ್ದಾನೆ. ಹೋದ ಬುಧವಾರ ಹುಡುಗನು ಅವನನ್ನು ಕೇಳಿದ ಮೊದಲ ಪ್ರಶ್ನೆ, "ನಿಮಗಿನ್ನು ಎಷ್ಟು ವರ್ಷ ಇದೆ?"