ರಂಗದೀಪಗಳ ಪಟ್ಟಿಯೂ ಗಣಕಯಂತ್ರವೂ

ನಾಟಕವು ಕಿವಿಗೆ ಎಷ್ಟು ಸೇರಿದ್ದೋ ಕಣ್ಣಿಗೂ ಅಷ್ಟೇ ಸೇರಿದ್ದು. ನಟನು ಎಷ್ಟೇ ಸಮರ್ಥನಾಗಿರಲಿ, ಅವನ ಮುಖದ ಮೇಲೆ ಬೆಳಕು ಬೀಳದಿದ್ದರೆ ಅವನ ಅಭಿನಯವು ಪ್ರೇಕ್ಷಕನನ್ನು ಮುಟ್ಟುವುದಿಲ್ಲ. ಹಿಂದೆ ಯಕ್ಷಗಾನದ ರಂಗಸ್ಥಳಕ್ಕೆ ದೊಂದಿಗಳ ಬೆಳಕು ಸಾಕಾಗಿತ್ತು. ಕಂಪೆನಿ ನಾಟಕಗಳ ಕಾಲಕ್ಕೆ ಗ್ಯಾಸ್‌ಲೈಟುಗಳು ಬಂದವು. ದೀಪಗಳು ಎರಡೋ ನಾಲ್ಕೋ ಇದ್ದಾಗ ಯಾವುದು ಎಲ್ಲಿದೆಯೆಂದು ಬರೆದಿಡುವ ಅಗತ್ಯ ಯಾರಿಗೂ ಇರಲಿಲ್ಲ. ಇಂದಾದರೋ ಸಾಧಾರಣ ಕಾಲೇಜು ನಾಟಕಕ್ಕೂ ಇಪ್ಪತ್ತು ಮೂವತ್ತು ದೀಪಗಳು ಬೇಕಾಗುತ್ತವೆ. ಪ್ರತಿಯೊಂದರ ಜಾಗ, ಸಂಖ್ಯೆ, ಬಣ್ಣ, ವಾಟು ಬೇರೆ ಬೇರೆ. ಆದ್ದರಿಂದ ಪಟ್ಟಿ ಬೇಕಾಯಿತು. ಪಟ್ಟಿಯನ್ನು ನಾವು ಎಕ್ಸೆಲ್ಲಿನಂಥ ಸ್ಪ್ರೆಡ್‌ಶೀಟಿನಲ್ಲಿ ಬರೆಯುತ್ತೇವೆ. ದೀಪಗಳನ್ನು ಎಲ್ಲೆಲ್ಲಿ ತೂಗುಹಾಕಬೇಕೆಂಬ ನಕ್ಷೆಯನ್ನು ಅದಕ್ಕೆಂದೇ ಇರುವ ಬೇರೆ ತಂತ್ರಾಂಶದಲ್ಲಿ ಸಿದ್ಧಮಾಡುತ್ತೇವೆ. ಮೊದಲನೆಯದರಲ್ಲಿರುವುದನ್ನು ಎರಡನೆಯದಕ್ಕೆ ಸಾಗಿಸುವ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಹೀಗೆ ಬರೆಯಬೇಕೆಂದು ತೋರಿದ್ದು ಒಂದು ಪೇಚಿನ ಪ್ರಸಂಗದಿಂದ. ನಮ್ಮ ತಂಡವು ಒಂದು ಸಭಾಂಗಣದಲ್ಲಿ ನಾಟಕವಾಡಬೇಕಾಗಿತ್ತು. ಅಲ್ಲಿಯ ದೀಪಗಳ ಪಟ್ಟಿಯನ್ನು ತರಿಸಿಕೊಂಡು ನಕ್ಷೆಯ ತಂತ್ರಾಂಶಕ್ಕೆ ಸೇರಿಸಿದೆವು. ಪಟ್ಟಿಯ ಒಂದು ಸಾಲಿನಲ್ಲಿ ‘ಪಾರ್ ದೀಪ, 1000 ವಾಟು’ ಎಂದೂ, ಪಕ್ಕದ ‘ಎಷ್ಟು’ ಎಂಬ ಮನೆಯಲ್ಲಿ 6 ಎಂದೂ ಇತ್ತು. ತಂತ್ರಾಂಶದಲ್ಲಿ ‘ಎಷ್ಟು’ ಎಂಬುದಕ್ಕೆ ಸ್ಥಾನವೇ ಇರಲಿಲ್ಲ. ನಾವು ಆ ಕಂಬಸಾಲನ್ನು ಬಿಟ್ಟು ಮುಂದೆ ಹೋದೆವು. ನಕ್ಷೆಯಲ್ಲಿ ಆರು ದೀಪಗಳ ಬದಲು ಒಂದೇ ದೀಪ ಮೂಡಿತು. ಲೆಕ್ಕ 1000 ವಾಟು ಎಂದಿತು. 230 ವೋಲ್ಟಿನಲ್ಲಿ ಅದು ಸುಮಾರು ನಾಲ್ಕೂಕಾಲು ಆಂಪಿಯರ್. ಧೈರ್ಯವಾಗಿ 16 ಆಂಪಿಯರಿನ ಒಂದೇ ಲೈನನ್ನು ಅದಕ್ಕೆ ಗೊತ್ತುಮಾಡಿದೆವು. ಸಭಾಂಗಣದಲ್ಲಿ ದೀಪ ಕಟ್ಟಿದ ಹುಡುಗರು ಎಂದಿನಂತೆ ಆರನ್ನೂ ಕಟ್ಟಿ, ನಾವು ಗುರುತುಹಾಕಿದ ಲೈನಿಗೇ ಎಲ್ಲವನ್ನೂ ಕೊಟ್ಟರು. ಆರು ದೀಪಗಳಿಗೆ ಬೇಕಾದದ್ದು 26 ಆಂಪಿಯರ್. ಕೊನೆಯ ತಾಲೀಮಿನಲ್ಲಿ ಆಸ್ಥಾನದ ದೃಶ್ಯ ಆರಂಭವಾಗಿ ಕೆಲವು ನಿಮಿಷಗಳಾಗುವಷ್ಟರಲ್ಲಿ ಎಂಸಿಬಿ ಸ್ವಿಚ್ಚು ಬಿದ್ದುಹೋಗಿ, ಮಹಾರಾಜರು ಕತ್ತಲಲ್ಲಿ ಕುಳಿತರು. ಎಲ್ಲರೂ ನಕ್ಕರು. ಆದರೆ ಆ ಸ್ವಿಚ್ಚು ಸರಿಯಾಗಿ ಕೆಲಸಮಾಡದಿದ್ದರೆ ತಂತಿ ಕಾದು ಪರದೆಗೆ ಬೆಂಕಿ ತಗಲುತ್ತಿತ್ತಲ್ಲ ಎಂದು ಆಮೇಲೆ ಹೊಳೆದಾಗ ನಗು ಬರಲಿಲ್ಲ. ಯಂತ್ರ ತಪ್ಪುಮಾಡಿರಲಿಲ್ಲ; ಅದಕ್ಕೆ ನಾವು ಹೇಳಿದ್ದನ್ನೇ ಅದು ನಂಬಿತ್ತು.

ಇದರಿಂದ ಕಲಿತ ಮೊದಲನೆಯ ನಿಯಮವೆಂದರೆ, ಒಂದು ಅಡ್ಡಸಾಲಿಗೆ ಒಂದೇ ದೀಪ. ಉಗ್ರಾಣದ ಪಟ್ಟಿಗೆ ‘ಪಾರ್, ಆರು’ ಎಂದರೆ ಸಾಕು. ಅಲ್ಲಿ ಎಣಿಕೆಯೇ ಮುಖ್ಯ. ರಂಗದ ಪಟ್ಟಿಯಲ್ಲಿ ಪ್ರತಿಯೊಂದು ದೀಪವೂ ಒಬ್ಬ ವ್ಯಕ್ತಿಯಿದ್ದಂತೆ. ಅದರ ಜಾಗ ಬೇರೆ, ಕೆಲಸ ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟಾನ್ಲಿ ಮೆಕ್ಯಾಂಡ್ಲೆಸ್ ಎಂಬುವರು 1932ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ರಂಗವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಎರಡು ಪಕ್ಕಗಳಿಂದ ಸುಮಾರು 45 ಡಿಗ್ರಿ ಕೋನದಲ್ಲಿ, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಂಪು ಬಣ್ಣ ಎಂದು ಬೆಳಕು ಕೊಡುವ ಕ್ರಮವನ್ನು ವಿವರಿಸಿದರು. ಆರು ಭಾಗಗಳೆಂದರೆ ಹನ್ನೆರಡು ದೀಪಗಳಾದವು. ಹನ್ನೆರಡೂ ಒಂದೇ ಜಾತಿಯವಾದರೂ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಎರಡನೆಯದಾಗಿ, ಪಟ್ಟಿಯ ಕಂಬಸಾಲುಗಳಲ್ಲಿ ಎರಡು ಬಗೆಯಿದೆಯೆಂಬುದನ್ನು ತಿಳಿಯಬೇಕು. ಕೆಲವು ದೀಪದ ಜಾತಿಯನ್ನು ಹೇಳುತ್ತವೆ: ಹೆಸರು, ವಾಟು, ತೂಕ, ಬೆಳಕು ಹರಡುವ ಕೋನ. ‘ಪಾರ್ 64’ ಎಂದರೆ ಅದರ ಮುಖದ ಅಗಲ ಅಂಗುಲದ ಎಂಟನೆಯ ಒಂದು ಭಾಗಗಳಲ್ಲಿ 64, ಅಂದರೆ ಎಂಟು ಅಂಗುಲ. ‘ಫ್ರೆನೆಲ್’ ಎಂಬುದು ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಮಸೂರದ ದೀಪ. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ಲನು ಈ ಮಸೂರವನ್ನು ರೂಪಿಸಿದ್ದು ನಾಟಕಕ್ಕಲ್ಲ, 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ನಾವಿಕರಿಗೆ ದಾರಿ ತೋರಲೆಂದು ಅದನ್ನು ಮೊದಲು ಅಳವಡಿಸಿದರು. ಉಳಿದ ಕಂಬಸಾಲುಗಳು ಈ ಒಂದು ದೀಪಕ್ಕೆ ಮಾತ್ರ ಸಂಬಂಧಿಸಿದವು: ಯಾವ ಬಾರಿನ ಮೇಲೆ, ಎಷ್ಟನೆಯದು, ಯಾವ ಬಣ್ಣದ ಹಾಳೆ, ಯಾವ ಚಾನೆಲ್, ಯಾವ ವಿಳಾಸ. ಜಾತಿಯ ಹೆಸರನ್ನು ಎಲ್ಲ ಸಾಲುಗಳಲ್ಲೂ ಅಕ್ಷರಶಃ ಒಂದೇ ರೀತಿ ಬರೆಯಬೇಕು. ಒಂದು ಕಡೆ ‘ಫ್ರೆನೆಲ್ 1000’, ಇನ್ನೊಂದು ಕಡೆ ‘1 ಕಿಲೋವಾಟ್ ಫ್ರೆನೆಲ್’ ಎಂದರೆ ನಮಗೆ ಎರಡೂ ಒಂದೇ. ಯಂತ್ರಕ್ಕೆ ಅವು ಎರಡು ಜಾತಿಗಳು.

ಚಾನೆಲ್ಲಿಗೂ ವಿಳಾಸಕ್ಕೂ ಇರುವ ವ್ಯತ್ಯಾಸದಲ್ಲಿ ಅನೇಕರು ಎಡವುತ್ತಾರೆ. ಬೋರ್ಡಿನ ಮುಂದೆ ಕುಳಿತವನು ದೀಪವನ್ನು ಕರೆಯುವ ಸಂಖ್ಯೆ ಚಾನೆಲ್. ತಂತಿಯಲ್ಲಿ ಹರಿದುಬರುವ ಸಂಕೇತವು ದೀಪವನ್ನು ಕಂಡುಕೊಳ್ಳುವ ಸಂಖ್ಯೆ ವಿಳಾಸ. ಮನುಷ್ಯನ ಹೆಸರಿಗೂ ಅವನ ಮನೆಯ ನಂಬರಿಗೂ ಇರುವಷ್ಟು ಅಂತರ ಇವೆರಡಕ್ಕೂ ಇದೆ. 1986ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಿಎಂಎಕ್ಸ್ 512 ಎಂಬ ಕಟ್ಟಳೆಯಂತೆ ಒಂದು ತಂತಿಯ ಮೇಲೆ 512 ವಿಳಾಸಗಳಿರುತ್ತವೆ. ಅಷ್ಟನ್ನು ಒಂದು ‘ಯೂನಿವರ್ಸ್’ ಎನ್ನುತ್ತಾರೆ. ಕೆಲವು ತಂತ್ರಾಂಶಗಳು ಮೂರನೆಯ ಯೂನಿವರ್ಸಿನ ಹತ್ತನೆಯ ವಿಳಾಸವನ್ನು ‘3/10’ ಎಂದು ಬರೆಯುತ್ತವೆ. ಕೆಲವು ಮೊದಲಿನಿಂದ ಎಣಿಸುತ್ತ 1034 ಎನ್ನುತ್ತವೆ. ಎರಡು ಯೂನಿವರ್ಸುಗಳ 1024ಕ್ಕೆ 10 ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಪಟ್ಟಿ ಒಂದು ಪದ್ಧತಿಯಲ್ಲಿದ್ದು ತಂತ್ರಾಂಶ ಇನ್ನೊಂದನ್ನು ಬಯಸಿದರೆ ಸಾಗಿಸುವ ಮೊದಲೇ ಬದಲಾಯಿಸಿಕೊಳ್ಳಬೇಕು. ಅಲ್ಲದೆ, ನಾಲ್ಕು ಬಣ್ಣಗಳ ಎಲ್ಇಡಿ ದೀಪವೊಂದು ಸಾಮಾನ್ಯವಾಗಿ ನಾಲ್ಕು ವಿಳಾಸಗಳನ್ನು ಹಿಡಿಯುತ್ತದೆ. ಅದು 1ರಿಂದ ಆರಂಭವಾದರೆ ಮುಂದಿನ ದೀಪ 5ರಿಂದಲೇ ಆರಂಭವಾಗತಕ್ಕದ್ದು. ಇಲ್ಲದಿದ್ದರೆ ಒಂದನ್ನು ಕರೆದರೆ ಇನ್ನೊಂದೂ ಓಗೊಡುವುದು.

ಮೂರನೆಯ ಎಚ್ಚರಿಕೆ ಸ್ಪ್ರೆಡ್‌ಶೀಟಿನ ಅತಿಬುದ್ಧಿವಂತಿಕೆಯನ್ನು ಕುರಿತದ್ದು. ‘3/10’ ಎಂದು ಬರೆದರೆ ಅದು ದಿನಾಂಕವೆಂದು ತಿಳಿದು ಅಕ್ಟೋಬರ್ ಮೂರೋ ಮಾರ್ಚ್ ಹತ್ತೋ ಆಗಿ ತಿದ್ದಿಬಿಡುತ್ತದೆ. ಬಣ್ಣದ ಹಾಳೆಯ ಸಂಖ್ಯೆ ‘02’ ಎಂದು ಬರೆದರೆ ಸೊನ್ನೆಯನ್ನು ನುಂಗಿ ‘2’ ಎನ್ನುತ್ತದೆ. ಈ ತೊಂದರೆ ರಂಗಭೂಮಿಗೆ ಮಾತ್ರ ಬಂದದ್ದಲ್ಲ. ಜೀವಶಾಸ್ತ್ರದಲ್ಲಿ ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂಥ ಹೆಸರಿನ ವಂಶವಾಹಿಗಳು ಹೀಗೆಯೇ ತಾರೀಖುಗಳಾಗಿ ಮಾರ್ಪಡುತ್ತಿದ್ದುವು. ಕಡೆಗೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇಂಥ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ನಮಗೆ ಅಷ್ಟು ದೂರ ಹೋಗಬೇಕಾದ್ದಿಲ್ಲ. ಬರೆಯಲು ತೊಡಗುವ ಮೊದಲೇ ಆ ಕಂಬಸಾಲುಗಳನ್ನು ಸಂಖ್ಯೆಯಲ್ಲ, ಪಠ್ಯ ಎಂದು ಗೊತ್ತುಮಾಡಿದರೆ ಸಾಕು. ಒಮ್ಮೆ ಕೆಟ್ಟಮೇಲೆ ತಿದ್ದಿದರೆ ಕಳೆದ ಸೊನ್ನೆ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಇನ್ನು ಸಾಗಿಸುವ ಕ್ರಮ. ಸ್ಪ್ರೆಡ್‌ಶೀಟಿನ ಅಂದಚಂದವನ್ನೆಲ್ಲ ಕಳಚಿ ಅದನ್ನು ಬರಿಯ ಪಠ್ಯದ ಕಡತವಾಗಿ ಉಳಿಸಬೇಕು. ಮೇಲಿನ ಒಂದೇ ಸಾಲಿನಲ್ಲಿ ಶೀರ್ಷಿಕೆಗಳಿರಲಿ. ಕೂಡಿಸಿದ ಮನೆಗಳು, ಖಾಲಿ ಸಾಲುಗಳು, ಕೆಳಗಿನ ‘ಒಟ್ಟು’ ಇವೆಲ್ಲ ಹೋಗಬೇಕು. ಇಲ್ಲವಾದರೆ ‘ಒಟ್ಟು’ ಎಂಬುದೇ ಒಂದು ದೀಪವಾಗಿ ನಕ್ಷೆಯಲ್ಲಿ ಕುಳಿತೀತು. ಅಲ್ಪವಿರಾಮದಿಂದ ಬೇರ್ಪಡಿಸಿದ ಕಡತದಲ್ಲಿ, ಷರಾದೊಳಗೆ ಬರುವ ಅಲ್ಪವಿರಾಮವೂ ಕಂಬಸಾಲನ್ನು ಒಡೆಯುವ ಸಂಭವವುಂಟು. ಟ್ಯಾಬಿನಿಂದ ಬೇರ್ಪಡಿಸಿದ ಕಡತದಲ್ಲಿ ಈ ಭಯ ಕಡಿಮೆ. ಕನ್ನಡದಲ್ಲಿ ಷರಾ ಬರೆದಿದ್ದರೆ ಕಡತವನ್ನು ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿ ಉಳಿಸಬೇಕು. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಚಿಹ್ನೆಗಳು ಬರುತ್ತವೆ.

ಅಮೆರಿಕದ ಬೆಳಕಿನ ವಿನ್ಯಾಸಕಾರ ಜಾನ್ ಮೆಕರ್ನನ್ ರಚಿಸಿದ ‘ಲೈಟ್‌ರೈಟ್’ ಎಂಬ ತಂತ್ರಾಂಶವು ಇಂಥ ಪಟ್ಟಿಗಳ ಕೆಲಸಕ್ಕೆಂದೇ ಹುಟ್ಟಿದ್ದು. ಅದಕ್ಕೆ ಕಡತವನ್ನು ಒಪ್ಪಿಸುವಾಗ ನಮ್ಮ ಯಾವ ಕಂಬಸಾಲು ಅದರ ಯಾವ ಕಂಬಸಾಲಿಗೆ ಸಮ ಎಂದು ನಾವೇ ಹೊಂದಿಸಿಕೊಡಬೇಕು. ಇಡೀ ಕೆಲಸದ ಮರ್ಮ ಇಲ್ಲಿದೆ. ನಮ್ಮ ‘ನಂಬರ್’ ಎಂದರೆ ಚಾನೆಲ್ಲೋ, ಬಾರಿನ ಮೇಲಿನ ಕ್ರಮವೋ, ಡಿಮ್ಮರೋ? ಬರೆದವನನ್ನು ಕೇಳದೆ ಊಹಿಸಬಾರದು. ಹೊಂದಿಕೆಯಾಗದೆ ಉಳಿದ ಕಂಬಸಾಲನ್ನು ಬಿಡುವ ಮುನ್ನ ಅದರಲ್ಲಿ ಏನಿದೆಯೆಂದು ನೋಡಬೇಕು. ನಾವು ನೋಡದೆ ಬಿಟ್ಟದ್ದು ‘6’ ಎಂಬ ಒಂದು ಅಂಕಿ ಮಾತ್ರ!

ಸಾಗಿಸುವುದು ಒಮ್ಮೆಗೆ ಮುಗಿಯುವುದಿಲ್ಲ. ನಿರ್ದೇಶಕರ ಮನಸ್ಸು ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಎರಡನೆಯ ಸಲ ಸೇರಿಸುವಾಗ, ಹಳೆಯ ದೀಪವನ್ನು ಗುರುತಿಸಲು ದಾರಿಯಿಲ್ಲದಿದ್ದರೆ ತಂತ್ರಾಂಶವು ಎಲ್ಲವನ್ನೂ ಹೊಸದಾಗಿ ಸೇರಿಸಿ 24 ದೀಪಗಳನ್ನು 48 ಮಾಡೀತು. ಆದ್ದರಿಂದ ಪ್ರತಿ ದೀಪಕ್ಕೂ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆ ಬೇಕು, ನಮ್ಮ ರಿಜಿಸ್ಟರ್ ನಂಬರಿನ ಹಾಗೆ. ವಿದ್ಯಾರ್ಥಿ ಬೆಂಚು ಬದಲಾಯಿಸಿದರೂ ರಿಜಿಸ್ಟರ್ ನಂಬರು ಬದಲಾಗದು. ಚಾನೆಲ್ಲನ್ನಾಗಲಿ ಜಾಗವನ್ನಾಗಲಿ ಗುರುತಾಗಿ ಬಳಸಬಾರದು; ಅವು ಬೆಂಚಿನಂತೆ ಬದಲಾಗುವಂಥವು. ವೆಕ್ಟರ್‌ವರ್ಕ್ಸ್ ಎಂಬ ನಕ್ಷೆಯ ತಂತ್ರಾಂಶವೂ ಲೈಟ್‌ರೈಟೂ ತಮ್ಮೊಳಗೆ ವಿವರಗಳನ್ನು ಬದಲಾಯಿಸಿಕೊಳ್ಳುವಾಗ ಇಂಥ ಗುರುತನ್ನೇ ಆಧರಿಸುತ್ತವೆ.

ಈಚೆಗೆ ಜಿಡಿಟಿಎಫ್ ಎಂಬ ಹೊಸ ಕಟ್ಟಳೆ ಬಂದಿದೆ. ಎಂಎ ಲೈಟಿಂಗ್, ರೋಬೆ, ವೆಕ್ಟರ್‌ವರ್ಕ್ಸ್ ಸಂಸ್ಥೆಗಳು ಸೇರಿ ರೂಪಿಸಿದ ಇದು 2020ರಲ್ಲಿ ಜರ್ಮನಿಯ ಮಾನಕಸಂಸ್ಥೆಯಿಂದ ಪ್ರಕಟವಾಯಿತು. ದೀಪದ ಜಾತಿಗೆ ಸೇರಿದ ಆಕಾರ, ತೂಕ, ವಿಳಾಸಗಳ ವಿವರಗಳೆಲ್ಲ ಅದರ ಕಡತದಲ್ಲೇ ಅಡಕವಾಗಿರುವುದರಿಂದ ಅವನ್ನು ಕೈಯಿಂದ ಬರೆಯುವ ಶ್ರಮ ತಪ್ಪುತ್ತದೆ. ಆದರೆ ಈ ಊರಿನ ಈ ಸಭಾಂಗಣದಲ್ಲಿ ಎರಡನೆಯ ಬಾರಿನ ಮೇಲೆ ಏನು ತೂಗುತ್ತಿದೆಯೆಂಬುದನ್ನು ನೋಡಿ ಬರೆಯಬೇಕಾದವರು ನಾವೇ.

ಕಡೆಯದಾಗಿ, ತಾಳೆ ನೋಡದೆ ಕೆಲಸ ಮುಗಿಯಿತೆನ್ನಬಾರದು. ಪಟ್ಟಿಯಲ್ಲಿ ಎಷ್ಟು ಸಾಲುಗಳೋ ನಕ್ಷೆಯಲ್ಲಿ ಅಷ್ಟೇ ದೀಪಗಳಿವೆಯೇ? ಎರಡು ಕಡೆಯ ಒಟ್ಟು ವಾಟು ಒಂದೇ ಆಗಿದೆಯೇ? ಮೊದಲಿನದು, ನಡುವಿನದು, ಕೊನೆಯದು ಎಂದು ಮೂರು ದೀಪಗಳನ್ನು ಆರಿಸಿ ಎಲ್ಲ ವಿವರಗಳನ್ನೂ ಓದಿ ನೋಡಿದಿರಾ? ಆಮೇಲೆ ನಕ್ಷೆಯನ್ನು ಅಚ್ಚುಹಾಕಿಸಿ, ರಂಗದ ಮೇಲೆ ನಿಂತು, ತಲೆಯೆತ್ತಿ ಎಣಿಸಬೇಕು. ಇಷ್ಟಕ್ಕೆ ಅರ್ಧ ಗಂಟೆ ಸಾಕು. ನಾವು ಆ ಅರ್ಧ ಗಂಟೆಯನ್ನು ಉಳಿಸಲು ಹೋಗಿ ಒಂದು ಸಂಜೆಯ ತಾಲೀಮನ್ನು ಕಳೆದುಕೊಂಡೆವು.

ಪಟ್ಟಿಯನ್ನು ಕೊನೆಗೆ ಓದುವವನು ಏಣಿಯ ತುದಿಯಲ್ಲಿ, ಒಂದು ಕೈಯಲ್ಲಿ ಬಾರನ್ನು ಹಿಡಿದು ನಿಂತಿರುವ ನಮ್ಮ ಗೆಳೆಯ. ಅವನು ನಮ್ಮ ಅಂಕಿಯನ್ನು ನಂಬಿ ತಂತಿಗೆ ಕೈಹಾಕುತ್ತಾನೆ. ಮುಂದಿನ ವಾರ್ಷಿಕೋತ್ಸವಕ್ಕೆ ದೀಪಗಳ ಪಟ್ಟಿ ಬರೆಯುವ ಮಿತ್ರರು ಅವನನ್ನು ನೆನೆದು ಬರೆದರೆ, ಈ ಲೇಖನವನ್ನು ಬರೆದದ್ದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.