ಎಡ್ಡಿ ವ್ಯಾನ್ ಹೇಲನ್‌ನ ‘ಫ್ರ್ಯಾಂಕನ್‌ಸ್ಟೈನ್’ ಗಿಟಾರ್: ಮೊದಲ ಸಲ ಕಟ್ಟುವವರಿಗೆ ಹಂತ ಹಂತವಾಗಿ

ಕೆಂಪು ಮೈ, ಅದರ ಮೇಲೆ ಅಡ್ಡಾದಿಡ್ಡಿ ಕಪ್ಪು-ಬಿಳಿ ಪಟ್ಟೆಗಳು, ಇರುವುದು ಒಂದೇ ನಾಬ್. ಅದರ ಮೇಲೆ ‘ಟೋನ್’ ಎಂದು ಬರೆದಿದ್ದರೂ ಮಾಡುವ ಕೆಲಸ ವಾಲ್ಯೂಮಿನದು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬೆಳೆದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಈ ಗಿಟಾರನ್ನು 70ರ ದಶಕದಲ್ಲಿ ಕೈಯಾರೆ ಜೋಡಿಸಿಕೊಂಡ. ದೋಷವಿದೆಯೆಂದು ಪಕ್ಕಕ್ಕಿಟ್ಟಿದ್ದ ಆ್ಯಶ್ ಮರದ ಬಾಡಿಗೆ 50 ಡಾಲರ್, ಮೇಪಲ್ ಮರದ ನೆಕ್‌ಗೆ 80 ಡಾಲರ್ ಕೊಟ್ಟ. ಪಿಕಪ್ಪನ್ನು ತನ್ನದೇ ಗಿಬ್ಸನ್ ಇಎಸ್-335 ಗಿಟಾರಿನಿಂದ ಕಿತ್ತ. 1978ರ ಫೆಬ್ರವರಿಯಲ್ಲಿ ಬಂದ, ಅವನ ಬ್ಯಾಂಡಿನ ‘ವ್ಯಾನ್ ಹೇಲನ್’ ಆಲ್ಬಮ್ಮಿನ ಮುಖಪುಟದಲ್ಲಿ ಇದೇ ಗಿಟಾರಿದೆ. 2007ರಲ್ಲಿ ಫೆಂಡರ್ ಕಂಪನಿ ಗೀರು, ಸುಟ್ಟ ಕಲೆ ಸಮೇತ ಇದರ 300 ಪ್ರತಿಕೃತಿಗಳನ್ನು ತಲಾ 25,000 ಡಾಲರಿಗೆ ಮಾರಾಟಕ್ಕಿಟ್ಟಿತು. 2019ರಲ್ಲಿ ಮೂಲ ಗಿಟಾರ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಪ್ರದರ್ಶನಕ್ಕೂ ಹೋಯಿತು.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಒಂದೇ ಪಿಕಪ್, ಒಂದೇ ನಾಬ್, ಸ್ಪ್ರೇ ಡಬ್ಬಿಯ ಬಣ್ಣ. ಆದರೆ ಒಂದು ಮಾತು. ಇದನ್ನು ಕಟ್ಟುವ ಬಹಳಷ್ಟು ಮಂದಿ ಫೋಟೊ ಮುಂದಿಟ್ಟುಕೊಂಡು ಗೀರಿಗೆ ಗೀರು ಸೇರಿಸುತ್ತ ಕೂರುತ್ತಾರೆ. ನಕಲು ಮಾಡಬೇಕಾದ್ದು ಗೀರುಗಳನ್ನಲ್ಲ, ಅವುಗಳ ಹಿಂದಿನ ಕಾರಣಗಳನ್ನು. ಎಡ್ಡಿಗೆ ಗಿಬ್ಸನ್ನಿನ ದಪ್ಪ ದನಿಯೂ ಬೇಕಿತ್ತು, ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರಿನ ಟ್ರೆಮೊಲೊ ಬ್ರಿಡ್ಜೂ ಬೇಕಿತ್ತು. ಎರಡೂ ಒಂದೇ ಗಿಟಾರಿನಲ್ಲಿ ಸಿಗುತ್ತಿರಲಿಲ್ಲ. ಮಿಕ್ಕ ವಿಚಿತ್ರಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಬೇಕಾಗುವ ಸಾಮಾನು

• ಸ್ಟ್ರ್ಯಾಟ್ ಆಕಾರದ ಬಾಡಿ. ಬ್ರಿಡ್ಜ್ ಬದಿಯಲ್ಲಿ ಹಂಬಕರ್ (ಎರಡು ಸುರುಳಿಯ) ಪಿಕಪ್ಪಿಗೆ ಕುಳಿ ಇರುವಂಥದ್ದೇ ಕೊಳ್ಳಿ. ಎಡ್ಡಿ ಕುಳಿಯನ್ನು ಕೈಯಲ್ಲೇ ಅಗಲ ಮಾಡಿಕೊಂಡ. ಮೊದಲ ಸಲಕ್ಕೆ ನಿಮಗೆ ಆ ಉಸಾಬರಿ ಬೇಡ.
• 25.5 ಇಂಚು, ಅಂದರೆ 648 ಮಿ.ಮೀ. ಸ್ಕೇಲಿನ ಮೇಪಲ್ ನೆಕ್, ಟ್ಯೂನರ್‌ಗಳು, ನಟ್.
• ಆರು ಸ್ಕ್ರೂಗಳ ಹಳೆಯ ಮಾದರಿಯ ಟ್ರೆಮೊಲೊ ಬ್ರಿಡ್ಜ್, ಸ್ಪ್ರಿಂಗ್‌ಗಳು.
• ಗಿಬ್ಸನ್ನಿನ ಹಳೆಯ ಪಿಎಎಫ್ ಮಾದರಿಯ ಒಂದು ಹಂಬಕರ್. ಮೇಣದಲ್ಲಿ ಅದ್ದಿದ್ದೇ ಬೇಕೆಂದು ಕೇಳಿ.
• 500 ಕಿಲೊ ಓಮ್ ಆಡಿಯೊ ಪೊಟೆನ್ಶಿಯೊಮೀಟರ್ ಒಂದು, ಜ್ಯಾಕ್ ಒಂದು, ವೈರ್.
• ಸ್ಯಾಂಡ್‌ಪೇಪರ್, ಪ್ರೈಮರ್, ಕಪ್ಪು, ಬಿಳಿ ಹಾಗೂ ಕೆಂಪು ಸ್ಪ್ರೇ, ಮಾಸ್ಕಿಂಗ್ ಟೇಪ್.
• ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಡ್ರಿಲ್, ಸ್ಕ್ರೂಡ್ರೈವರ್, ಉಕ್ಕಿನ ಅಳತೆಪಟ್ಟಿ.

ಬಾಡಿ, ನೆಕ್ ಎರಡನ್ನೂ ಒಂದೇ ಕಡೆ ಕೊಂಡರೆ ಜೋಡಣೆಯಲ್ಲಿ ತಕರಾರು ಕಡಿಮೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಎಡ್ಡಿಯ ಗಿಟಾರಿನ ಹಿಂಬದಿಯಲ್ಲಿರುವಂಥ ಕೆಂಪು ವಾಹನ ರಿಫ್ಲೆಕ್ಟರ್‌ಗಳು ಬೇಕೆಂದರೆ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗಿ.

ಹಂತ 1: ಯಾವ ರೂಪ ಬೇಕೆಂದು ತೀರ್ಮಾನಿಸಿ

ಈ ಗಿಟಾರಿಗೆ ಮುಖ್ಯವಾಗಿ ಎರಡು ಅವತಾರ. 1978ರದ್ದು ಬಿಳಿ ಮೈ, ಕಪ್ಪು ಪಟ್ಟೆ, ಫೆಂಡರ್ ಟ್ರೆಮೊಲೊ. 1979ರಲ್ಲಿ ಕೆಂಪು ಬಂತು, ಆಮೇಲೆ ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿಹಿಡಿಯುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಬಂತು. ಬಣ್ಣ ಯಾವುದಾದರೂ ಸರಿ, ಮೊದಲ ಸಲ ಕಟ್ಟುವಾಗ ಫ್ಲಾಯ್ಡ್ ರೋಸ್ ಬೇಡ. ಅದನ್ನು ಶ್ರುತಿಗೆ ತರುವುದೇ ಬೇರೆ ವಿದ್ಯೆ. ಕೆಂಪಿನ ಕೆಳಗೆ ಕಪ್ಪು-ಬಿಳಿ ಇದ್ದೇ ಇರುವುದರಿಂದ ಅರ್ಧ ದಾರಿಯಲ್ಲಿ ನಿಂತರೂ ನಷ್ಟವಿಲ್ಲ, ಕೈಯಲ್ಲಿ 1978ರ ಗಿಟಾರ್ ಇರುತ್ತದೆ.

ಹಂತ 2: ಬಣ್ಣಕ್ಕೆ ಮೊದಲೇ ಒಮ್ಮೆ ಜೋಡಿಸಿ ನೋಡಿ

ಹೊಸಬರು ಸಾಮಾನು ಬಂದ ದಿನವೇ ಬಣ್ಣದ ಡಬ್ಬಿ ಅಲುಗಾಡಿಸಲು ಶುರು ಮಾಡುತ್ತಾರೆ. ತಡೆಯಿರಿ. ಡ್ರಿಲ್ ಜಾರಿ ಗೀರು ಬೀಳುವುದಿದ್ದರೆ ಬರಿಯ ಮರದ ಮೇಲೇ ಬೀಳಲಿ.

ನೆಕ್ಕನ್ನು ಅದರ ಕುಳಿಯಲ್ಲಿ ಕೂರಿಸಿ ಕ್ಲ್ಯಾಂಪ್ ಹಾಕಿ, ಬ್ರಿಡ್ಜನ್ನು ಅದರ ಜಾಗದಲ್ಲಿಡಿ. ನಟ್‌ನ ಮುಂದಂಚಿನಿಂದ 12ನೇ ಫ್ರೆಟ್‌ವರೆಗೆ ಅಳೆದರೆ 324 ಮಿ.ಮೀ. ಬರಬೇಕು. ಅಷ್ಟೇ ದೂರ ಮುಂದಕ್ಕೆ ಅಳೆದರೆ ತೆಳು ತಂತಿಯ ಸ್ಯಾಡಲ್ ನಿಲ್ಲಬೇಕಾದ ಜಾಗ; ದಪ್ಪ ತಂತಿಯದು ಅದಕ್ಕಿಂತ ಕೊಂಚ ಹಿಂದೆ. ಈ ಅಳತೆ ತಪ್ಪಿದರೆ ಗಿಟಾರ್ ಎಂದಿಗೂ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಎರಡು ಸಲ ಅಳೆಯಿರಿ.

ಈಗ ಹೊಲಿಗೆ ದಾರ ತೆಗೆದುಕೊಳ್ಳಿ. ಮೊದಲ ಮತ್ತು ಆರನೇ ತಂತಿಯ ಟ್ಯೂನರ್‌ಗಳಿಂದ ಬ್ರಿಡ್ಜಿನ ಎರಡು ಹೊರ ಸ್ಯಾಡಲ್‌ಗಳಿಗೆ ದಾರ ಎಳೆದು ಕಟ್ಟಿ, ಮೇಲಿನಿಂದ ನೋಡಿ. ಎರಡೂ ದಾರಗಳು ಫ್ರೆಟ್‌ಬೋರ್ಡಿನ ಅಂಚಿನಿಂದ ಸಮ ದೂರದಲ್ಲಿರಬೇಕು. ಒಂದು ದಾರ ಅಂಚಿಗೆ ಒತ್ತಿಕೊಂಡಿದ್ದರೆ ನೆಕ್ಕನ್ನು ಕೂದಲೆಳೆಯಷ್ಟು ತಿರುಗಿಸಿ. ಸರಿಬಂದ ಮೇಲೆ ಬಾಡಿಯ ತೂತುಗಳ ಮೂಲಕ ನೆಕ್‌ನ ಹಿಂಬದಿಗೆ ಗುರುತು ಮಾಡಿ ಸಣ್ಣ ತೂತು ಕೊರೆಯಿರಿ. ಎಷ್ಟು ಆಳವೆಂದು ತಿಳಿಯಲು ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಫ್ರೆಟ್‌ಬೋರ್ಡಿನಿಂದಲೇ ಹೊರಬರುತ್ತದೆ. ಸ್ಕ್ರೂಗಳಿಗೆ ಮೇಣದಬತ್ತಿ ಉಜ್ಜಿದರೆ ಗಟ್ಟಿ ಮೇಪಲ್‌ನಲ್ಲಿ ತಲೆ ಮುರಿಯದೆ ಇಳಿಯುತ್ತವೆ.

ಹಂತ 3: ಪಿಕಪ್ಪನ್ನು ಓರೆಯಾಗಿ ಕೂರಿಸಿ

ಎಡ್ಡಿಯ ಪಿಕಪ್ ಓರೆಯಾಗಿರುವುದು ಶೋಕಿಗಲ್ಲ. ಗಿಬ್ಸನ್ ಪಿಕಪ್ಪಿನ ಒಂದೊಂದು ಸಾಲಿನ ಆರು ಕಬ್ಬಿಣದ ಮೊಳೆಗಳು ಹತ್ತಿರ ಹತ್ತಿರ, ಫೆಂಡರ್ ಬ್ರಿಡ್ಜಿನ ತಂತಿಗಳು ದೂರ ದೂರ. ನೇರವಾಗಿ ಕೂರಿಸಿದರೆ ಹೊರಗಿನ ತಂತಿಗಳು ಮೊಳೆಗಳ ಮೇಲೆ ಹಾಯುವುದಿಲ್ಲ. ಓರೆ ಮಾಡಿದಾಗ ಒಂದೊಂದು ತಂತಿಯೂ ಪಿಕಪ್ಪಿನ ಒಂದಲ್ಲ ಒಂದು ಸಾಲಿನ ಮೊಳೆಯ ಹತ್ತಿರ ಬರುತ್ತದೆ. ನೀವೂ ದಾರಗಳನ್ನು ಬಿಚ್ಚದೆ, ಅವುಗಳ ಕೆಳಗೆ ಪಿಕಪ್ ಇಟ್ಟು ಮೊಳೆಗಳು ದಾರದಡಿ ಬರುವಷ್ಟು ತಿರುಗಿಸಿ ಗುರುತು ಮಾಡಿಕೊಳ್ಳಿ.

ಎಡ್ಡಿ ಪಿಕಪ್ಪನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ತೂಗುಹಾಕದೆ ನೇರ ಮರಕ್ಕೇ ಸ್ಕ್ರೂ ಹೊಡೆದ. ಹಾಗೆಯೇ ಮಾಡಿ. ಅಡಿಯಲ್ಲಿ ತುಸು ಗಟ್ಟಿ ಸ್ಪಂಜು ಇಟ್ಟರೆ ಎತ್ತರ ಹೊಂದಿಸಲು ಅನುಕೂಲ.

ಇನ್ನು ಮೇಣದ ಮಾತು. ಜೋರು ಆ್ಯಂಪ್ಲಿಫೈಯರ್ ಎದುರು ಪಿಕಪ್ಪಿನ ಸುರುಳಿಯೇ ಅದುರಿ ಕಿರ್ರೆಂದು ಕಿರುಚುತ್ತದೆ. ಅದನ್ನು ತಪ್ಪಿಸಲು ಎಡ್ಡಿ ಪಿಕಪ್ಪನ್ನು ಕರಗಿದ ಪ್ಯಾರಫಿನ್ ಮೇಣದಲ್ಲಿ ಅದ್ದಿದ. ಮೇಣ ಸುರುಳಿಯ ಸಂದಿಗಳಿಗೆ ಇಳಿದು ತಂತಿ ಅಲುಗದಂತೆ ಹಿಡಿಯುತ್ತದೆ. ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ, ಮೇಣಕ್ಕೆ ಬೆಂಕಿಯೂ ಹತ್ತುತ್ತದೆ. ಮೇಣ ಅದ್ದಿಯೇ ಬರುವ ಪಿಕಪ್ ಕೊಳ್ಳಲು ಹೇಳಿದ್ದು ಅದಕ್ಕೇ.

ಹಂತ 4: ಬಣ್ಣ ಮತ್ತು ಟೇಪ್

ಎಲ್ಲ ಬಿಚ್ಚಿ. ಬಾಡಿಯನ್ನು ಮೊದಲು 180, ಆಮೇಲೆ 320 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಮರದ ಎಳೆಯ ಉದ್ದಕ್ಕೆ ಉಜ್ಜಿ. ಆ್ಯಶ್ ಮರಕ್ಕೆ ರಂಧ್ರ ಜಾಸ್ತಿ, ಫಿಲ್ಲರ್ ತುಂಬದಿದ್ದರೆ ಬಣ್ಣ ಕುಡಿಯುತ್ತಲೇ ಹೋಗುತ್ತದೆ. ನೆಕ್ ಕೂರುವ ಕುಳಿಗೆ ಟೇಪ್ ಮೆತ್ತಿ; ಅಲ್ಲಿ ಬಣ್ಣ ಸೇರಿದರೆ ನೆಕ್ ಒಳಗೇ ಹೋಗುವುದಿಲ್ಲ.

ಬಣ್ಣಗಳೆಲ್ಲ ಒಂದೇ ಜಾತಿಯವಾಗಿರಲಿ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಪದರ ಸುಕ್ಕುಗಟ್ಟಿ ಏಳುತ್ತದೆ. ಎಡ್ಡಿ ಬಳಸಿದ ಕೆಂಪು, ಶ್ವಿನ್ ಕಂಪನಿಯ ಸೈಕಲ್ ಬಣ್ಣ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ-ಮಲೆನಾಡಿನಲ್ಲಿ, ತೇವದ ಗಾಳಿಗೆ ಲ್ಯಾಕರ್ ಹಾಲಿನಂತೆ ಮಂಜಾಗುತ್ತದೆ. ಬಿಸಿಲು ಬಿದ್ದ ಒಣ ದಿನ ನೋಡಿ, ಬಯಲಲ್ಲಿ, ಮಾಸ್ಕ್ ಹಾಕಿಕೊಂಡು ಕೆಲಸಕ್ಕಿಳಿಯಿರಿ.

ಕ್ರಮ ಹೀಗೆ:

1. ಪ್ರೈಮರ್ ಆದ ಮೇಲೆ ಇಡೀ ಬಾಡಿಗೆ ಕಪ್ಪು. ಡಬ್ಬಿ 20-25 ಸೆಂ.ಮೀ. ದೂರದಲ್ಲಿರಲಿ, ಒಂದೇ ದಪ್ಪ ಪದರಕ್ಕಿಂತ ನಾಲ್ಕು ತೆಳು ಪದರ ಮೇಲು.
2. ಚೆನ್ನಾಗಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಾದಿಡ್ಡಿ ಅಂಟಿಸಿ. ಕೆಲವು ಅಗಲ ಪಟ್ಟಿ, ಕೆಲವನ್ನು ಬ್ಲೇಡಿನಿಂದ ಸೀಳಿ ತೆಳು ಮಾಡಿ. ಅಂಚುಗಳನ್ನು ಉಗುರಿನಿಂದ ಒತ್ತಿ.
3. ಬಿಳಿ ಹೊಡೆಯಿರಿ. ಕೊನೆಯ ಪದರ ಇನ್ನೂ ತುಸು ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಇದು 1978ರ ಗಿಟಾರ್.
4. ಕೆಂಪು ಬೇಕೆಂದರೆ, ಪೂರ್ತಿ ಒಣಗಲು ಬಿಟ್ಟು ಮತ್ತೆ ಟೇಪ್ ಅಂಟಿಸಿ. ಈ ಸಲ ಹಳೆಯ ಪಟ್ಟೆಗಳನ್ನು ದಾಟಿಕೊಂಡು ಬೇರೆ ದಿಕ್ಕಿಗೂ ಹೋಗಲಿ. ಕೆಂಪು ಹೊಡೆದು ಟೇಪ್ ಕೀಳಿ.

ನಾಲ್ಕನೆಯ ಹೆಜ್ಜೆಯಲ್ಲಿದೆ ಮರ್ಮ. ಎಡ್ಡಿಯ ಗಿಟಾರಿನ ಫೋಟೊವನ್ನು ಹತ್ತಿರದಿಂದ ನೋಡಿ: ಒಂದೇ ಪಟ್ಟೆ ಬಿಳಿಯಾಗಿ ಹೊರಟು, ನಡುವೆ ಕಪ್ಪಾಗಿ, ಮತ್ತೆ ಬಿಳಿಯಾಗುತ್ತದೆ. ಎರಡನೇ ಸಲದ ಟೇಪ್ ಮೊದಲಿನ ಕಪ್ಪು ಪಟ್ಟೆಯನ್ನು ಹಾದುಹೋದ ಗುರುತು ಅದು. ಕೆಂಪು ಮೈಯ ಮೇಲೆ ಬ್ರಷ್ಷಿನಿಂದ ಕಪ್ಪು-ಬಿಳಿ ಗೆರೆ ಎಳೆದವರ ಗಿಟಾರು ದೂರದಿಂದಲೇ ಸುಳ್ಳು ಅನ್ನಿಸುವುದು ಇದಕ್ಕೇ.

ನೆಕ್‌ಗೆ ಎಡ್ಡಿ ವಾರ್ನಿಷ್ ಹಾಕಲಿಲ್ಲ. ಬರಿಯ ಮರವೇ ಕೈಗೆ ಹಿತವೆಂಬುದು ಅವನ ಲೆಕ್ಕ. ನಮ್ಮ ಸೆಕೆ, ಬೆವರಿಗೆ ತೆಳುವಾಗಿ ಟಂಗ್ ಎಣ್ಣೆ ಒರೆಸುವುದು ಒಳ್ಳೆಯದು. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಹಂತ 5: ವೈರಿಂಗ್

ಹಳೆಯ ವೈರಿಂಗ್ ಹೇಗಿತ್ತೆಂಬುದು ನೆನಪಿಗೆ ಬಾರದೆ, ಬೇಕಾದಷ್ಟನ್ನೇ ಜೋಡಿಸಿದೆ ಎಂದು ಎಡ್ಡಿಯೇ ಹೇಳಿಕೊಂಡಿದ್ದ. ಹಾಗಾಗಿ ಟೋನ್ ಇಲ್ಲ, ಸ್ವಿಚ್ ಇಲ್ಲ. ನೆಕ್ ಬದಿಯಲ್ಲಿ ಕಾಣುವ ಪಿಕಪ್ಪೂ, ನಡುವಿನ ಕುಳಿಯಲ್ಲಿ ತುರುಕಿದ ಸ್ವಿಚ್ಚೂ ಬರಿಯ ವೇಷ, ಯಾವುದಕ್ಕೂ ಸಂಪರ್ಕವಿಲ್ಲ. ನಿಮಗಿರುವುದು ಇಷ್ಟೇ ಕೆಲಸ:

• ಪಿಕಪ್ಪಿನ ಹಾಟ್ ವೈರ್ ಪೊಟೆನ್ಶಿಯೊಮೀಟರಿನ ಒಂದು ಹೊರಕಾಲಿಗೆ.
• ನಡುವಿನ ಕಾಲಿನಿಂದ ಜ್ಯಾಕಿನ ಟಿಪ್‌ಗೆ.
• ಇನ್ನೊಂದು ಹೊರಕಾಲು, ಪಿಕಪ್ಪಿನ ಅರ್ತ್, ಜ್ಯಾಕಿನ ಸ್ಲೀವ್, ಹಿಂಬದಿಯ ಸ್ಪ್ರಿಂಗ್ ಕೊಂಡಿಯಿಂದ ಬರುವ ವೈರ್, ಇವಿಷ್ಟೂ ಪೊಟೆನ್ಶಿಯೊಮೀಟರಿನ ಲೋಹದ ಬೆನ್ನಿಗೆ.

ನಾಲ್ಕು ವೈರಿನ ಪಿಕಪ್ ಆದರೆ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ; ಡಬ್ಬಿಯೊಳಗಿನ ಚೀಟಿ ನೋಡಿ. ಬೆನ್ನಿಗೆ ಬೆಸುಗೆ ಹಿಡಿಯದಿದ್ದರೆ ಸ್ಯಾಂಡ್‌ಪೇಪರಿನಲ್ಲಿ ಕೆರೆದು, ಲೋಹ ಕಾದ ಮೇಲೆ ಸೀಸ ಮುಟ್ಟಿಸಿ. ಬೆಸುಗೆ ಹೊಳೆಯುವಂತಿರಬೇಕು, ಮಂಕಾಗಿ ಗುಂಡಗೆ ನಿಂತರೆ ಅದು ಹಿಡಿದಿಲ್ಲ.

ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಇಡಿ. ವಾಲ್ಯೂಮ್ ಪೂರ್ತಿ ತೆರೆದಾಗ ಸುಮಾರು 8 ಕಿಲೊ ಓಮ್ ತೋರಿದರೆ ಗೆದ್ದಿರಿ. ನಾಬ್ ಉಲ್ಟಾ ಕೆಲಸ ಮಾಡಿದರೆ ಎರಡು ಹೊರಕಾಲುಗಳ ಸಂಪರ್ಕ ಅದಲುಬದಲು ಮಾಡಿ.

ಹಂತ 6: ತಂತಿ ಮತ್ತು ಸೆಟಪ್

ಜೋಡಿಸಿ, 9-42ರ ತಂತಿ ಹಾಕಿ. ಆರಂಭದ ಆಲ್ಬಮ್ಮುಗಳ ಜೊತೆ ನುಡಿಸಬೇಕೆಂದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ. ಎಡ್ಡಿಯ ರೂಢಿ ಅದು. ಕ್ರಮ ತಪ್ಪಿಸಬೇಡಿ:

1. ನೆಕ್ ಬಾಗು: ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು 7ನೇ ಫ್ರೆಟ್ ಬಳಿ ನೋಡಿ. ಸುಮಾರು 0.25 ಮಿ.ಮೀ. ಸಂದಿ ಸಾಕು. ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.
2. ತಂತಿಯ ಎತ್ತರ: 12ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ 2, ತೆಳು ತಂತಿಗೆ 1.5 ಮಿ.ಮೀ.
3. ಇಂಟೊನೇಶನ್: 12ನೇ ಫ್ರೆಟ್‌ನ ಹಾರ್ಮಾನಿಕ್ಕನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.
4. ಟ್ರೆಮೊಲೊ: ಬ್ರಿಡ್ಜ್ ಬಾಡಿಗೆ ತಾಗಿ ಕೂರುವಷ್ಟು ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ. ಆಗ ಸ್ವರ ಕೆಳಗೆ ಮಾತ್ರ ಜಾರುತ್ತದೆ. ನಟ್‌ನ ಕಚ್ಚುಗಳಿಗೆ ಒಂದು ಹನಿ ಎಣ್ಣೆ ಬಿಟ್ಟರೆ ತಂತಿ ಸಿಕ್ಕಿಕೊಳ್ಳುವುದಿಲ್ಲ.

ಕೆಂಪು ಗಿಟಾರಿನ ಬ್ರಿಡ್ಜಿನಡಿ ಕಾಣುವ 1971ರ ಕಾಲು ಡಾಲರ್ ನಾಣ್ಯದ ಕೆಲಸವೂ ಇದೇ: ಫ್ಲಾಯ್ಡ್ ರೋಸ್ ಹಿಂದಕ್ಕೆ ವಾಲದಂತೆ ಅಡ್ಡ ನಿಲ್ಲುವುದು. ನಿಮ್ಮ ಬ್ರಿಡ್ಜ್ ಆಗಲೇ ಬಾಡಿಗೆ ತಾಗಿರುವುದರಿಂದ ನಾಣ್ಯ ಬರಿಯ ಅಲಂಕಾರ. ಬೇಕೇ ಬೇಕೆಂದರೆ ನಮ್ಮ ರೂಪಾಯಿಗೆ ತೂತು ಕೊರೆಯಬೇಡಿ. ನಾಣ್ಯವನ್ನು ಹಾಳುಗೆಡವುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಒಂದು ವಾಷರ್ ಸಾಕು.

ತೊಂದರೆ ಬಂದರೆ

• ತಂತಿ ಮುಟ್ಟಿದಾಗ ಹಮ್ ಹೆಚ್ಚಾದರೆ ಜ್ಯಾಕಿನ ಎರಡು ವೈರ್ ಅದಲುಬದಲಾಗಿವೆ. ಹಮ್ ಜೋರಾಗಿದ್ದು, ಮುಟ್ಟಿದರೂ ಬದಲಾಗದಿದ್ದರೆ ಸ್ಪ್ರಿಂಗ್ ಕೊಂಡಿಯ ಅರ್ತ್ ಬಿಟ್ಟಿದೆ.
• ಒಂದೇ ಫ್ರೆಟ್‌ನಲ್ಲಿ ತಂತಿ ಗರಗರ ಅಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ.
• ದನಿ ಎಡ್ಡಿಯಂತೆ ಬರುತ್ತಿಲ್ಲವೆಂದರೆ ಗಿಟಾರನ್ನು ಬೈಯಬೇಡಿ. ಅವನ ಹಿಂದೆ 100 ವಾಟ್‌ನ ಮಾರ್ಷಲ್ ಆ್ಯಂಪ್ ಇತ್ತು. ಅದಕ್ಕೆ ವೇರಿಯಾಕ್ ಜೋಡಿಸಿ ವೋಲ್ಟೇಜ್ ಇಳಿಸಿ ನುಡಿಸುತ್ತಿದ್ದ, ಸಂದರ್ಶನದಲ್ಲಿ ಮಾತ್ರ ಏರಿಸಿದೆ ಎಂದು ದಾರಿತಪ್ಪಿಸಿದ. ಎರಡನ್ನೂ ಮನೆಯಲ್ಲಿ ಮಾಡಬೇಡಿ, ಜೀವಕ್ಕೆ ಅಪಾಯ.

ಕಟ್ಟಿದ್ದನ್ನು ಮಾರುವ ಯೋಚನೆಯೂ ಬೇಡ. ಪಟ್ಟೆ ವಿನ್ಯಾಸದ ಹಕ್ಕುಸ್ವಾಮ್ಯವನ್ನು ಎಡ್ಡಿ ನೋಂದಾಯಿಸಿದ್ದ. 2009ರಲ್ಲಿ ಶೂಗಳ ಮೇಲಿನ ಪಟ್ಟೆಗಾಗಿ ನೈಕಿ ಕಂಪನಿಯ ಮೇಲೇ ಮೊಕದ್ದಮೆ ಹೂಡಿದ್ದ.

ಹೊಸ ಗಿಟಾರಿಗೆ ಬೀಗದ ಕೈಯಿಂದ ಗೀರು ಹಾಕುವ, ಸಿಗರೇಟಿನಿಂದ ಸುಡುವ ಆಸೆ ಬಂದೀತು. ಬಿಡಿ, ನುಡಿಸುತ್ತ ಹೋದರೆ ನಿಮ್ಮವೇ ಗೀರುಗಳು ಬೀಳುತ್ತವೆ. ಎಡ್ಡಿ ತನ್ನ ಗಿಟಾರನ್ನು ಮುಗಿಯಿತೆಂದು ಗೋಡೆಗೆ ನೇತುಹಾಕಲಿಲ್ಲ; ನೆಕ್ ಬದಲಿಸಿದ, ಬ್ರಿಡ್ಜ್ ಬದಲಿಸಿದ, ಬಣ್ಣ ಬದಲಿಸಿದ. ನಿಮ್ಮ ಕೈಗೆ ನೆಕ್ ದಪ್ಪ ಅನ್ನಿಸಿದರೆ, ಇನ್ನೊಂದು ನಾಬ್ ಬೇಕೆನಿಸಿದರೆ, ಫೋಟೊ ಪಕ್ಕಕ್ಕಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.