ಟರ್ಬೊ ಡೀಸೆಲ್ ಮೋಟಾರು ನಡುನಡುವೆ ಬಲಗುಂದುವುದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಗ್ರಾಮ ಪ್ರಮುಖರಲ್ಲಿಯೂ ಜಮೀನುದಾರರಲ್ಲಿಯೂ ಡೀಸೆಲ್ ಮೋಟಾರು ಇಟ್ಟುಕೊಂಡವರು ಈಗ ಬಹು ಮಂದಿ ಇದ್ದಾರೆ. ಬೆಳೆಯ ರೋಗವನ್ನು ಕುರಿತು ಬರೆಯಬೇಕಾದ ಇಲಾಖೆಯವನು ಮೋಟಾರಿನ ರೋಗಕ್ಕೆ ಕೈಹಾಕಿದನೇಕೆಂದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಸಂಚಾರದಲ್ಲಿ ಹೋದ ಊರೂರಿನಲ್ಲಿಯೂ ಕಬ್ಬಿನ ಗೊಬ್ಬರದ ಮಾತು ಮುಗಿಯುತ್ತಲೇ, “ಗಾಡಿ ನಡುನಡುವ ಪಿಕಪ್ ಬಿಡತೈತ್ರಿ ಸಾಹೇಬ್ರ” ಎಂಬ ದೂರು ಕೇಳಬರುತ್ತಿರುವುದರಿಂದ ಈ ಲೇಖನ ಅವಶ್ಯವಾಯಿತು. ಇದು ಬರಿಯ ಕಿರುಕುಳವಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರುಗಳನ್ನು ಎಳೆಯುತ್ತಿರುವ ಟ್ರಾಕ್ಟರನ್ನು ಹಿಂದಿಕ್ಕಲು ಹೊರಟವನ ಮೋಟಾರು ಅರ್ಧದಲ್ಲಿ ಬಲಗುಂದಿದರೆ ಎದುರಿನಿಂದ ಬರುವ ಲಾರಿಯು ಕಾಯುವುದಿಲ್ಲ. ನಡುರಾತ್ರಿಯಲ್ಲಿ ರೋಗಿಯನ್ನು ಮಿರಜಿಯ ಆಸ್ಪತ್ರೆಗೆ ಒಯ್ಯುವಾಗ ಹೀಗಾದರೆ ಆಗುವ ಹಾನಿಯನ್ನು ಹೇಳಲೇಬೇಕಾಗಿಲ್ಲ.

ಬಾವಿಯ ಮೇಲಿನ ಹಳೆಯ ಡೀಸೆಲ್ ಎಂಜಿನ್ನನ್ನು ಬಲ್ಲವರಿಗೆ ಮೂಲತತ್ತ್ವವು ಗೊತ್ತಿರುವುದೇ. ಗಾಳಿಯನ್ನು ಬಿಗಿಯಾಗಿ ಒತ್ತಿ, ಆ ಒತ್ತಡದಿಂದ ಹುಟ್ಟಿದ ಕಾವಿನಲ್ಲಿ ಡೀಸೆಲ್ಲನ್ನು ಚಿಮ್ಮಿಸಿ ಉರಿಸುವುದೇ ರುಡಾಲ್ಫ್ ಡೀಸೆಲ್ಲರು ೧೮೯೭ರಲ್ಲಿ ಜರ್ಮನಿಯಲ್ಲಿ ನಡೆಸಿ ತೋರಿಸಿದ ಯಂತ್ರದ ಗುಟ್ಟು. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಡೀಸೆಲ್ಲನ್ನು ಉರಿಸಬಹುದು. ಹೆಚ್ಚು ಉರಿದರೆ ಹೆಚ್ಚು ಬಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರು ೧೯೦೫ರಲ್ಲಿ ಪೇಟೆಂಟು ಪಡೆದ ಉಪಾಯವೇನೆಂದರೆ, ವ್ಯರ್ಥವಾಗಿ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಮತ್ತೊಂದು ಚಕ್ರದಿಂದ, ಕಮ್ಮಾರನು ತಿದಿಯೊತ್ತಿದಂತೆ, ಎಂಜಿನ್ನಿನೊಳಗೆ ಗಾಳಿಯನ್ನು ತುಂಬುವುದು. ಇದೇ ಟರ್ಬೊ. ಸಣ್ಣ ಮೋಟಾರುಗಳಲ್ಲಿ ಇದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು. ಒತ್ತಿ ಕಾದ ಗಾಳಿಯನ್ನು ಇಂಟರ್‌ಕೂಲರು ತಣಿಸಿ ಎಂಜಿನ್ನಿಗೆ ಕೊಡುತ್ತದೆ. ಇಷ್ಟಲ್ಲದೆ ಈಗಿನ ಮೋಟಾರುಗಳಲ್ಲಿ ಒಂದು ಕಂಪ್ಯೂಟರು ಇದ್ದು, ಗಾಳಿಯ ಒತ್ತಡವಾಗಲಿ ಡೀಸೆಲ್ಲಿನ ಒತ್ತಡವಾಗಲಿ ತನ್ನ ಲೆಕ್ಕಕ್ಕೆ ಕೂಡಿಬಾರದಿದ್ದರೆ, ಎಂಜಿನ್ನನ್ನು ಕಾಪಾಡುವ ಸಲುವಾಗಿ ತಾನೇ ಬಲವನ್ನು ಕಡಿತ ಮಾಡುತ್ತದೆ. ಆಗ ಎಕ್ಸಲರೇಟರನ್ನು ಎಷ್ಟು ತುಳಿದರೂ ಮೋಟಾರು ಕುಂಟುತ್ತ ಸಾಗುವುದೇ ಹೊರತು ವೇಗಕ್ಕೆ ಏರದು.

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಬದನೆಯ ಗಿಡವನ್ನು ಬಲ್ಲ ರೈತನು ಕೂಡಲೆ ಕಿತ್ತೊಗೆಯುವುದಿಲ್ಲ; ಯಾವ ಹೊತ್ತಿಗೆ ಬಾಡುತ್ತದೆ, ನೀರು ಕೊಟ್ಟರೆ ಏಳುತ್ತದೆಯೋ ಇಲ್ಲವೋ ಎಂದು ಎರಡು ದಿನ ನೋಡುತ್ತಾನೆ. ಬಂದು ಹೋಗುವ ಮೋಟಾರಿನ ದೋಷಕ್ಕೂ ಇದೇ ನ್ಯಾಯ. ಪೂರ್ತಿಯಾಗಿ ಕೆಟ್ಟ ಟರ್ಬೊ ತಾನಾಗಿ ಗುಣವಾಗುವುದಿಲ್ಲ. ಹೋದ ಬಲವು ಮರಳಿ ಬರುತ್ತಿದೆಯೆಂದರೆ ಟರ್ಬೊವಿನ ಚಕ್ರವೂ ದಂಡವೂ ಬಹುಶಃ ನೆಟ್ಟಗಿದ್ದು, ದೋಷವು ಯಾವುದೋ ನಳಿಗೆ, ಫಿಲ್ಟರು, ತಂತಿ ಅಥವಾ ಮಸಿ ಕಟ್ಟಿದ ಸಣ್ಣ ಅಂಗದಲ್ಲಿದೆ ಎಂದು ತಿಳಿಯತಕ್ಕದ್ದು. ಮಿಸ್ತ್ರಿಯು ಒಮ್ಮೆಲೇ “ಟರ್ಬೊ ಹೋಗಿದೆ” ಎಂದರೆ, ಹೇಗೆ ಪರೀಕ್ಷಿಸಿದಿರಿ ಎಂದು ಕೇಳುವ ಹಕ್ಕು ಮಾಲೀಕನಿಗಿದೆ.

ಪ್ರಥಮತಃ ದೋಷವು ಎಂಜಿನ್ನಿನದೇ ಅಹುದೋ ಎಂಬುದನ್ನು ನಿಶ್ಚಯಿಸಬೇಕು. ಎಕ್ಸಲರೇಟರು ತುಳಿದಾಗ ಎಂಜಿನ್ನಿನ ಸುತ್ತು ಏರುತ್ತ ಹೋಗಿ ಮೋಟಾರು ಮಾತ್ರ ಹಿಂದುಳಿದರೆ ಅದು ಕ್ಲಚ್ಚು ಜಾರುವ ಲಕ್ಷಣ. ಪ್ರಯಾಣದ ತರುವಾಯ ಒಂದು ಗಾಲಿಯ ಬಳಿ ಮಾತ್ರ ಅತಿಯಾದ ಕಾವು ತೋರಿದರೆ ಬ್ರೇಕು ಹಿಡಿದುಕೊಂಡಿದೆ. ಇವೆರಡಕ್ಕೂ ಟರ್ಬೊವಿಗೂ ಸಂಬಂಧವಿಲ್ಲ.

ಇವು ಇಲ್ಲವೆಂದಾದರೆ, ಬಲವು ಮರಳಿ ಬರುವ ರೀತಿಯನ್ನು ಗಮನಿಸಬೇಕು. ನನ್ನ ಮತದಲ್ಲಿ ಸಮಸ್ತ ಪರೀಕ್ಷೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಂಗತಿ ಬೇರೊಂದಿಲ್ಲ. ಮೋಟಾರನ್ನು ಸುರಕ್ಷಿತವಾದ ಕಡೆ ನಿಲ್ಲಿಸಿ, ಚಾವಿ ತೆಗೆದು, ಅರ್ಧ ನಿಮಿಷದ ಮೇಲೆ ಪುನಃ ಚಾಲೂ ಮಾಡಿದ ಕೂಡಲೆ ಬಲವು ಪೂರ್ಣವಾಗಿ ಬಂದರೆ, ಕಡಿತ ಮಾಡಿದುದು ಕಂಪ್ಯೂಟರು. ಅದಕ್ಕೆ ಗಾಳಿಯ ಒತ್ತಡ ಹೆಚ್ಚೋ ಕಡಿಮೆಯೋ ತೋರಿದೆ ಎಂದು ಊಹಿಸಬಹುದು. ಪುನಃ ಚಾಲೂ ಮಾಡಿದರೂ ಬಾರದೆ, ಹತ್ತು ನಿಮಿಷ ನಿಂತ ಮೇಲೆಯೇ ಬರುವುದಾದರೆ ಡೀಸೆಲ್ಲಿನ ದಾರಿಯನ್ನು ಶಂಕಿಸತಕ್ಕದ್ದು. ಹೊಗೆಯೂ ಸಾಕ್ಷಿ ನುಡಿಯುತ್ತದೆ. ಬಲ ಕುಂದಿದಾಗ ಕಪ್ಪು ಹೊಗೆ ಬಂದರೆ ಡೀಸೆಲ್ಲು ಇದೆ, ಗಾಳಿ ಸಾಲದು; ಹೊಗೆಯೇ ಇಲ್ಲದೆ ಬಲ ಕುಂದಿದರೆ ಡೀಸೆಲ್ಲೇ ಸಾಲದಿರಬಹುದು. ಆದರೆ ಹೊಗೆಯ ಮಸಿಯನ್ನು ತಡೆಯುವ ಫಿಲ್ಟರುಳ್ಳ ಹೊಸ ಮೋಟಾರುಗಳಲ್ಲಿ ಈ ಸಾಕ್ಷಿ ನಡೆಯದು.

ಇನ್ನು ಪರೀಕ್ಷಿಸುವ ಸ್ಥಳದ ವಿಚಾರ. ಅಥಣಿ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಖಾಲಿ ಮೋಟಾರನ್ನು ಎರಡು ಫರ್ಲಾಂಗು ನಡೆಸಿ “ಏನೂ ಇಲ್ಲ” ಎಂದು ಮರಳಿಸುವುದು ಪರೀಕ್ಷೆಯಲ್ಲ. ಟರ್ಬೊ ದುಡಿಯುವುದು ಹೊರೆ ಬಿದ್ದಾಗ. ನಾಲ್ಕೈದು ಜನರನ್ನು ಕೂಡಿಸಿಕೊಂಡು ಹೆದ್ದಾರಿಯಲ್ಲಿ ನಿಪ್ಪಾಣಿಯ ಬಳಿಯ ತವಂದಿ ಘಾಟನ್ನು ಏರಿದರೆ ಅಡಗಿದ ದೋಷವು ಹೊರಬೀಳುವ ಸಂಭವ ಹೆಚ್ಚು. ಮಿಸ್ತ್ರಿಯೂ ಜೊತೆಗಿರಬೇಕು.

ಗಾಳಿಯ ದಾರಿಯನ್ನು ನೋಡುವುದಕ್ಕೆ ಹೆಚ್ಚು ವೆಚ್ಚ ಬಾರದು. ಆದಕಾರಣ ಅಲ್ಲಿಂದಲೇ ಆರಂಭಿಸಬೇಕು. ನಮ್ಮ ಎರೆಮಣ್ಣಿನ ಧೂಳು, ರವದಿ ಸುಟ್ಟ ಬೂದಿ ಇವುಗಳಿಂದ ಏರ್ ಫಿಲ್ಟರು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಬಹು ಮೊದಲೇ ಕಟ್ಟಿಹೋಗುತ್ತದೆ. ಹಂಗಾಮಿನಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡತಕ್ಕದ್ದು. ಹರಿದ ಕಾಗದದ ಫಿಲ್ಟರನ್ನು ಎಂದಿಗೂ ಮತ್ತೆ ಹಾಕಬಾರದು. ತರುವಾಯ ಟರ್ಬೊವಿನಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಪ್ಪ ರಬ್ಬರಿನ ನಳಿಗೆಗಳನ್ನು ಎಂಜಿನ್ನು ತಣ್ಣಗಿರುವಾಗ ಕೈಯಿಂದ ಹಿಸುಕಿ ನೋಡಬೇಕು. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು, ಕಾದು ಒತ್ತಡ ಬಿದ್ದಾಗ ಬಾಯ್ದೆರೆಯುತ್ತದೆ. ದೋಷವು ಬಂದು ಹೋಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಕೀಲುಗಳ ಬಳಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿದ್ದರೆ ಅಲ್ಲಿ ಸೋರುತ್ತಿದೆಯೆಂದು ಶಂಕಿಸಬೇಕು. ಬಲ ಕುಂದುವಾಗ ಬುಸ್ ಎಂಬ ಸಪ್ಪಳ ಕೇಳಿದರೆ ಶಂಕೆ ಬಲವಾಯಿತು. ಟರ್ಬೊವನ್ನು ಹತೋಟಿಯಲ್ಲಿಡುವ ಸಪೂರ ನಳಿಗೆಗಳು ಹಲವು ಮೋಟಾರುಗಳಲ್ಲಿ ಇರುತ್ತವೆ. ಮೇವಿನ ಬಣವಿಯ ಪಕ್ಕದಲ್ಲಿ ಮೋಟಾರು ನಿಲ್ಲಿಸುವ ತೋಟದ ಮನೆಗಳಲ್ಲಿ ಇಲಿಗಳು ಇವನ್ನು ಕಡಿಯುತ್ತವೆ. ಸಣ್ಣ ನಳಿಗೆ ತೂತಾದುದಕ್ಕೆ ಟರ್ಬೊವನ್ನೇ ಬದಲಿಸುವುದೆಂದರೆ ಬಾಗಿಲ ಅಗುಳಿ ಮುರಿದುದಕ್ಕೆ ಮನೆ ಕೆಡವಿದಂತೆ.

ಡೀಸೆಲ್ಲಿನ ದಾರಿಗೆ ಒಂದು ಉದಾಹರಣೆ. ರಾಯಬಾಗ ಭಾಗದ ಜಮೀನುದಾರರೊಬ್ಬರ ಮೋಟಾರು ಊರೊಳಗೆ ಸರಿಯಾಗಿದ್ದು, ದೂರದ ಪ್ರಯಾಣದಲ್ಲಿ ಅರ್ಧ ತಾಸಾದ ಮೇಲೆ ಮೆಲ್ಲಮೆಲ್ಲನೆ ಬಲಗುಂದುತ್ತಿತ್ತು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಯಾಗುತ್ತಿತ್ತು. ಫಿಲ್ಟರು ಬದಲಿಸಿದರೂ ಗುಣವಾಗಲಿಲ್ಲ. ಟ್ರಾಕ್ಟರಿಗೆಂದು ತಂದ ಡೀಸೆಲ್ಲನ್ನು ಪ್ಲಾಸ್ಟಿಕ್ ಕ್ಯಾನಿನಿಂದ ಸೋಸದೆ ಮೋಟಾರಿಗೂ ಹಾಕುವ ರೂಢಿ ಆ ಮನೆಯಲ್ಲಿತ್ತು. ಟ್ಯಾಂಕನ್ನು ಇಳಿಸಿ ನೋಡಲಾಗಿ, ಗೋಣಿಯ ನಾರೂ ಪ್ಲಾಸ್ಟಿಕ್ ಹಾಳೆಯ ಚೂರೂ ಹೀರುವ ನಳಿಗೆಯ ಜಾಲರಿಯ ಬಳಿ ಕಂಡುಬಂದವು. ಹೀರುವಾಗ ಅವು ಜಾಲರಿಗೆ ಅಂಟುತ್ತಿದ್ದವು. ಎಂಜಿನ್ನು ನಿಂತಾಗ ಕಳಚಿ ಕೆಳಗಿಳಿಯುತ್ತಿದ್ದವು. ಟ್ಯಾಂಕು ತೊಳೆದ ಮೇಲೆ ಆ ತೊಂದರೆ ಮತ್ತೆ ಕಾಣಿಸಲಿಲ್ಲ. ಡೀಸೆಲ್ಲಿನಲ್ಲಿ ನೀರು ಸೇರಿದರೂ ಬಲ ಕುಂದುವುದು. ಹಲವು ಮೋಟಾರುಗಳ ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಅದನ್ನು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದು ಕೊಂಚ ಹೊತ್ತು ಬಿಟ್ಟರೆ ನೀರು ಕೆಳಗೆ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬಾವಿಯ ಎಂಜಿನ್ನಿನ ಪೈಪು ಸಡಿಲಿಸಿ ಗಾಳಿ ತೆಗೆಯುವ ಅಭ್ಯಾಸವುಳ್ಳವರು ಈಗಿನ ಮೋಟಾರಿನಲ್ಲಿ ಹಾಗೆ ಮಾಡಲಾಗದು. ಇವುಗಳ ಪೈಪಿನಲ್ಲಿ ಡೀಸೆಲ್ಲಿನ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಮೀರಿರುತ್ತದೆ. ಚಿಮ್ಮಿದ ಎಳೆಯು ಚರ್ಮವನ್ನು ಕೊರೆದು ಒಳಹೊಕ್ಕು ಬೆರಳನ್ನೇ ಕಳೆಯಬಲ್ಲದು.

ನೆರೆಯ ನೀರಿನಲ್ಲಿ ನಿಂತ ಮೋಟಾರುಗಳ ಮಾತೇ ಬೇರೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಊರುಗಳಿಗೆ ನೀರು ನುಗ್ಗಿದುದನ್ನು ಓದುಗರು ಮರೆತಿರಲಾರರು. ಅಂಥ ಮೋಟಾರು ಓಡುವಂತಾದರೂ ತಂತಿಯ ಕೀಲುಗಳಲ್ಲಿ ಹಸಿರು ಕಿಲುಬು ಕಟ್ಟಿ, ವರ್ಷಗಳ ತರುವಾಯವೂ ರಸ್ತೆಯ ಕುಲುಕಾಟಕ್ಕೆ ಸಂಪರ್ಕವು ತಪ್ಪಬಹುದು. ಹಳೆಯ ಮೋಟಾರು ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟರಲ್ಲಿ ಕಾರಣ ಸಿಕ್ಕದಿದ್ದರೆ ಮಾತ್ರ ಟರ್ಬೊವಿನ ಸರದಿ. ಹೊಗೆಯ ಹರಿವನ್ನು ತಿದ್ದುವ ಅದರ ಒಳ ರೆಕ್ಕೆಗಳು ಮಸಿ ಕಟ್ಟಿ ಸಿಕ್ಕಿಕೊಂಡರೆ ಒತ್ತಡವು ಮಿತಿಮೀರಿ ಕಂಪ್ಯೂಟರು ಬಲವನ್ನು ಕಡಿತ ಮಾಡುವುದು. ಬಹಳ ದಿನ ನಿಧಾನವಾಗಿ ಓಡಿಸಿದ ಮೋಟಾರಿನಲ್ಲಿ ಇದು ಹೆಚ್ಚು. ಹಲವು ಸಲ ಶುಚಿ ಮಾಡಿದರೆ ಸಾಕಾಗುತ್ತದೆ. ಕಂಪ್ಯೂಟರು ಬರೆದಿಟ್ಟ ದೋಷದ ಸಂಕೇತವನ್ನು ಸ್ಕ್ಯಾನರಿನಿಂದ ಓದಿಸತಕ್ಕದ್ದು. ಬ್ಯಾಟರಿಯ ತಂತಿಯನ್ನು ಬಿಚ್ಚಿದರೆ ಹಲವು ಮೋಟಾರುಗಳಲ್ಲಿ ಅದು ಅಳಿಸಿಹೋಗುವುದರಿಂದ, ಓದಿಸುವ ಮೊದಲು ಬಿಚ್ಚಗೊಡಬಾರದು. ಸಂಕೇತವು ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. “ಗಾಳಿಯ ಒತ್ತಡ ಕಡಿಮೆ” ಎಂದು ಬಂದರೆ ನಳಿಗೆಯೂ ತಪ್ಪಿತಸ್ಥನಿರಬಹುದು.

೨೦೨೦ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ಡೀಸೆಲ್ ಮೋಟಾರುಗಳಲ್ಲಿ ಸೈಲೆನ್ಸರಿನ ದಾರಿಯಲ್ಲಿಯೇ ಮಸಿ ಹಿಡಿಯುವ ಫಿಲ್ಟರಿದೆ. ತೋಟದಿಂದ ಊರಿಗೆ ಒಂದೆರಡು ಮೈಲು ಮಾತ್ರ ಓಡುವ ಮೋಟಾರಿನಲ್ಲಿ ಅದು ಕಟ್ಟಿಕೊಂಡು ಬಲ ಕುಂದುತ್ತದೆ. ಆಗಾಗ್ಗೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಸಮವೇಗದಿಂದ ಓಡಿಸಿದರೆ ಮಸಿ ಉರಿದುಹೋಗುವುದು. ಉರಿಯುವಾಗ ಒಳಗಿನ ಕಾವು ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿಗೆ ಏರುವುದರಿಂದ, ಒಣ ರವದಿಯ ಮೇಲಾಗಲಿ ಕಣದಲ್ಲಿ ಹುಲ್ಲಿನ ಮೇಲಾಗಲಿ ಮೋಟಾರು ನಿಲ್ಲಿಸಿದರೆ ಬೆಂಕಿ ಹತ್ತೀತು.

ನೀಲಿ ಹೊಗೆ ಕಂಡು ಎಂಜಿನ್ನಿನ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಮಾತ್ರ ಮೋಟಾರನ್ನು ಮುಂದೆ ಓಡಿಸದೆ ಎಳೆಸಿಕೊಂಡು ಹೋಗತಕ್ಕದ್ದು. ಟರ್ಬೊವಿನ ಮೂಲಕ ಸೋರಿದ ಎಣ್ಣೆಯನ್ನೇ ಇಂಧನವಾಗಿ ಉರಿಸಿಕೊಂಡು ಎಂಜಿನ್ನು ಅಂಕೆಮೀರಿ ಸುತ್ತತೊಡಗಿದರೆ ಚಾವಿ ತೆಗೆದರೂ ನಿಲ್ಲದು. ಹಾಗಾದಲ್ಲಿ, ಕೈಯಿಂದ ಗಿಯರು ಬದಲಿಸುವ ಮೋಟಾರಾಗಿದ್ದರೆ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗಿಯರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನನ್ನು ಬಲವಂತದಿಂದ ನಿಲ್ಲಿಸಬೇಕು. ಸುತ್ತಲಿನ ಜನರನ್ನು ದೂರ ಸರಿಸಬೇಕು.